ಥೊರಾಂಗ್ ಲಾ ದಾಟುವ ದಿನ: ಮುಕ್ತಿನಾಥಕ್ಕೆ ನಡೆದು ಹೋಗುವವರಿಗೆ

‘ಮುಕ್ತಿನಾಥಕ್ಕೆ ನಡೆದುಕೊಂಡೇ ಹೋಗಬಹುದಂತೆ, ನಮ್ಮಂಥವರಿಂದ ಆಗುತ್ತದೆಯೇ?’ ಈ ಪ್ರಶ್ನೆ ನನಗೆ ವರ್ಷಕ್ಕೆ ಹತ್ತು ಬಾರಿಯಾದರೂ ಬರುತ್ತದೆ. ಕೇಳುವವರಲ್ಲಿ ಎರಡು ಬಗೆ. ಕುಮಾರ ಪರ್ವತ, ಕುದುರೆಮುಖಗಳನ್ನು ಹತ್ತಿಳಿದು ಈಗ ಹಿಮಾಲಯದತ್ತ ಕಣ್ಣು ನೆಟ್ಟಿರುವ ಹುಡುಗ ಹುಡುಗಿಯರು ಒಂದು ಕಡೆ. ಮನೆಯಲ್ಲಿ ಸಾಲಿಗ್ರಾಮ ಪೂಜೆ ನಡೆಸುವ, ಆ ಕಲ್ಲು ಹುಟ್ಟುವ ಗಂಡಕಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದಿರುವ ಐವತ್ತು ದಾಟಿದವರು ಇನ್ನೊಂದು ಕಡೆ. ಆಗುತ್ತದೆ ಎಂದೇ ಇಬ್ಬರಿಗೂ ಹೇಳುತ್ತೇನೆ. ಆದರೆ ದಾರಿಯಲ್ಲಿರುವ ಥೊರಾಂಗ್ ಲಾ ಎಂಬ ಪಾಸ್ ದಾಟುವ ಆ ಒಂದು ದಿನ ಹೇಗೆ ನಡೆಯುತ್ತದೆ ಎಂಬುದು ಮುಕ್ಕಾಲು ಪಾಲು ಹಿಂದಿನ ಒಂದು ವಾರದಲ್ಲೇ ತೀರ್ಮಾನವಾಗಿರುತ್ತದೆ. ಉಳಿದ ಕಾಲು ಪಾಲನ್ನು ನಿಮ್ಮ ಮಂಡಿಗಳು ತೀರ್ಮಾನಿಸುತ್ತವೆ.

ಮೊದಲು ಜಾಗದ ಪರಿಚಯ. ನೇಪಾಳದ ಅನ್ನಪೂರ್ಣ ಪರ್ವತಸಮೂಹವನ್ನು ಸುತ್ತಿ ಬರುವ ಹಲವು ದಿನಗಳ ಕಾಲ್ದಾರಿಗೆ ಅನ್ನಪೂರ್ಣ ಸರ್ಕ್ಯೂಟ್ ಎಂದು ಹೆಸರು. ಪೂರ್ವದಲ್ಲಿ ಮರ್ಸ್ಯಾಂಗ್ಡಿ ನದಿಯ ಕಣಿವೆ, ಪಶ್ಚಿಮದಲ್ಲಿ ಕಾಳಿ ಗಂಡಕಿಯ ಕಣಿವೆ. ಇವೆರಡರ ನಡುವಿನ ಬೆಟ್ಟಸಾಲನ್ನು ದಾಟುವ ಬಾಗಿಲೇ ಥೊರಾಂಗ್ ಲಾ. ಅದರ ಪಶ್ಚಿಮದ ಬದಿಯಲ್ಲಿ ಇಳಿದರೆ ಮುಕ್ತಿನಾಥ ದೇವಸ್ಥಾನ. ‘ಲಾ’ ಎಂದರೆ ಟಿಬೆಟನ್ ಭಾಷೆಯಲ್ಲಿ ಪಾಸ್, ಅಂದರೆ ಎರಡು ಶಿಖರಗಳ ನಡುವೆ ಸ್ವಲ್ಪ ತಗ್ಗಿದ, ಆಚೆ ಬದಿಗೆ ದಾಟಲು ಬರುವ ಜಾಗ. ತಗ್ಗು ಎಂದೆನಾದರೂ ಎತ್ತರ 5,416 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಮುಟ್ಟುವುದಿಲ್ಲ. ಥೊರಾಂಗ್ ಲಾದಲ್ಲಿ ವಾಯುಭಾರ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ. ಪ್ರತಿ ಉಸಿರಿಗೂ ಅರ್ಧ ಲೋಟ ಗಾಳಿ ಸಿಕ್ಕಂತೆ.

ಆ ದಿನದ ಲೆಕ್ಕ ಹೀಗಿದೆ. ಸುಮಾರು 4,500 ಮೀಟರ್ ಎತ್ತರದ ಥೊರಾಂಗ್ ಫೇದಿಯಿಂದ ಹೊರಟು, 4,900 ಮೀಟರಿಗೆ ಹತ್ತಿರದ ಹೈ ಕ್ಯಾಂಪ್ ದಾಟಿ, ಪಾಸ್ ಹತ್ತಿ, ಆಚೆ ಬದಿಯಲ್ಲಿ ಸುಮಾರು 3,700 ಮೀಟರಿಗೆ, ಮುಕ್ತಿನಾಥದ ಪಕ್ಕದ ಊರಾದ ರಾಣಿಪೌವಾಕ್ಕೆ ಇಳಿಯಬೇಕು. ದೂರ ಸುಮಾರು 15 ಕಿಲೋಮೀಟರ್. ಕೇಳಲು ಏನೂ ಅಲ್ಲವೆನಿಸುತ್ತದೆ. ಏರು 900 ಮೀಟರಿಗಿಂತ ಹೆಚ್ಚು, ಇಳಿಜಾರು 1,600 ಮೀಟರಿಗಿಂತ ಹೆಚ್ಚು, ಹಿಡಿಯುವ ಸಮಯ ಎಂಟರಿಂದ ಹತ್ತು ಗಂಟೆ. ಇಳಿಜಾರಿನ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಿ. ಎಲ್ಲರೂ ಏರಿನ ಬಗ್ಗೆ ಕೇಳುತ್ತಾರೆ, ಇಳಿಯುವುದರ ಬಗ್ಗೆ ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಹೊರಡುವ ಮುನ್ನ: ಕಾಗದ, ಹಣ, ತಾರೀಖು

ಭಾರತೀಯರಿಗೆ ನೇಪಾಳದ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಸಾಕು, ಆದರೆ ಮೂಲಪ್ರತಿಯೇ ಕೈಯಲ್ಲಿರಲಿ. ಇಡೀ ಪ್ರದೇಶ 1986ರಲ್ಲಿ ಆರಂಭವಾದ ಅನ್ನಪೂರ್ಣ ಸಂರಕ್ಷಣಾ ಪ್ರದೇಶದೊಳಗೆ ಬರುತ್ತದೆ. ಅದರ ಪ್ರವೇಶ ಪರವಾನಗಿಯನ್ನು ಕಠ್ಮಂಡು ಅಥವಾ ಪೋಖರಾದಲ್ಲಿ ಮಾಡಿಸಿಕೊಳ್ಳಬೇಕು. ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ಉಳಿದ ವಿದೇಶಿಯರಿಗಿಂತ ಕಡಿಮೆ ಶುಲ್ಕ. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ, ನೀವೇ ಕೇಳಿ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಪರವಾನಗಿ ಪಡೆದ ಮಾರ್ಗದರ್ಶಿಯ ಜತೆಗೇ ಹೋಗಬೇಕೆಂಬ ನಿಯಮ ಬಂದಿದೆ. ಹೊರಡುವ ಮುನ್ನ ಆಗಿನ ನಿಯಮ ಏನೆಂದು ವಿಚಾರಿಸಿಕೊಳ್ಳಿ. ನಿಯಮ ಇರಲಿ ಬಿಡಲಿ, ಈ ಪಾಸಿಗೆ ಮೊದಲ ಸಲ ಹೋಗುವವರು ಮಾರ್ಗದರ್ಶಿಯನ್ನು ಕರೆದುಕೊಂಡೇ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ನೂರು ರೂಪಾಯಿ ಎಂದರೆ ಅಲ್ಲಿನ ನೂರ ಅರವತ್ತು, ಈ ದರ ಬದಲಾಗುವುದಿಲ್ಲ. ಮೇಲಿನ ಊರುಗಳಲ್ಲಿ ಎಟಿಎಂ ನಂಬಿ ಹೋಗಬೇಡಿ. ಕೆಳಗಿರುವಾಗಲೇ ನೇಪಾಳಿ ನೋಟುಗಳನ್ನು ಇಟ್ಟುಕೊಳ್ಳಿ, ಮೂರು ದಿನ ಹೆಚ್ಚಿಗೆ ಉಳಿಯಬೇಕಾಗಿ ಬಂದರೂ ಸಾಲುವಷ್ಟು.

ವಿಮೆ ಮಾಡಿಸುವಾಗ ಒಂದೇ ಒಂದು ಸಾಲನ್ನು ಹುಡುಕಿ: ಎಷ್ಟು ಮೀಟರ್ ಎತ್ತರದವರೆಗಿನ ಚಾರಣಕ್ಕೆ ಅದು ಅನ್ವಯಿಸುತ್ತದೆ, ಹೆಲಿಕಾಪ್ಟರ್ ರಕ್ಷಣೆ ಅದರಲ್ಲಿ ಸೇರಿದೆಯೇ? ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಎತ್ತರಕ್ಕೆ ಮಿತಿ ಇರುವುದುಂಟು. ನಿಮಗೆ 5,416 ಮೀಟರ್ ಬೇಕು.

ಇನ್ನು ತಾರೀಖು. ಅಕ್ಟೋಬರ್–ನವೆಂಬರ್ ಒಳ್ಳೆಯದು, ಮಾರ್ಚ್ ಕೊನೆಯಿಂದ ಮೇವರೆಗೂ ಪರವಾಗಿಲ್ಲ. ನಮ್ಮವರು ಎಡವುವುದು ತಿಂಗಳನ್ನು ಆರಿಸುವಲ್ಲಿ ಅಲ್ಲ, ದಿನವನ್ನು ಕಟ್ಟಿಹಾಕುವಲ್ಲಿ. ‘ನಾವು ಪಾಸ್ ದಾಟಿ ಬರುತ್ತೇವೆ, ಅಪ್ಪ ಅಮ್ಮ ಪೋಖರಾದಿಂದ ಜೀಪಿನಲ್ಲಿ ಬಂದು ಏಕಾದಶಿಯ ದಿನ ಮುಕ್ತಿನಾಥದಲ್ಲಿ ಸಿಗುತ್ತಾರೆ’ ಎಂಬ ಯೋಜನೆಯನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಕೇಳಲು ತುಂಬ ಸೊಗಸಾಗಿದೆ. ಆದರೆ ಆಚೆ ಬದಿಯಲ್ಲಿ ಹೆತ್ತವರು ಕಾಯುತ್ತಿದ್ದಾರೆ ಎಂಬ ಕಾರಣಕ್ಕೇ ತಲೆನೋವನ್ನು ಮುಚ್ಚಿಟ್ಟು ಹತ್ತುವವರಿದ್ದಾರೆ, ಮೋಡ ಕವಿದಿದ್ದರೂ ಹೊರಡುವವರಿದ್ದಾರೆ. ಕನಿಷ್ಠ ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಅಪ್ಪ ಅಮ್ಮ ಪೋಖರಾದಲ್ಲಿ ಫೇವಾ ಕೆರೆಯ ದಂಡೆಯಲ್ಲಿ ಹಾಯಾಗಿರಲಿ. ನೀವು ಇಳಿದ ಮೇಲೆ ಫೋನ್ ಮಾಡಿದರೆ ಆಯಿತು. ಅಂದ ಹಾಗೆ, ಜೀಪಿನಲ್ಲಿ ಬರುವ ಹಿರಿಯರಿಗೂ ಎತ್ತರದ ತೊಂದರೆ ತಪ್ಪಿದ್ದಲ್ಲ. ಪೋಖರಾ ಇರುವುದು ಸುಮಾರು 800 ಮೀಟರಿನಲ್ಲಿ. ಅಲ್ಲಿಂದ ಒಂದೇ ದಿನಕ್ಕೆ 3,700 ಮೀಟರ್ ಎಂದರೆ ದೇಹಕ್ಕೆ ದೊಡ್ಡ ಪೆಟ್ಟು. ದಾರಿಯಲ್ಲಿ ಒಂದೆರಡು ರಾತ್ರಿ ತಂಗಿ ಬರಲಿ.

1. ಊರಿನಲ್ಲಿ ಕಾಲು ಪಳಗಿಸುವುದು

ಎತ್ತರಕ್ಕೆ ಬೆಂಗಳೂರಿನಲ್ಲಿ ತಯಾರಾಗಲು ಸಾಧ್ಯವಿಲ್ಲ. ಯಾವ ಜಿಮ್ಮೂ ಅದನ್ನು ಕಲಿಸಲಾರದು, ಮ್ಯಾರಥಾನ್ ಓಡುವವರಿಗೂ ತಲೆ ಸಿಡಿಯುತ್ತದೆ. ಪಳಗಿಸಬಹುದಾದದ್ದು ಕಾಲು ಮತ್ತು ಭುಜ. ಎರಡು ತಿಂಗಳು ಮೊದಲೇ ಶುರು ಮಾಡಿ. ಬೆನ್ನುಚೀಲಕ್ಕೆ ನೀರಿನ ಬಾಟಲಿಗಳನ್ನು ತುಂಬಿ ಎಂಟು ಕಿಲೋ ಮಾಡಿಕೊಂಡು ಮೆಟ್ಟಿಲು ಹತ್ತಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿರುವಾಗ ಬೇರೆ ಏನೂ ಬೇಡ. ಆದರೆ ಹತ್ತಿ, ಬಸ್ಸಿನಲ್ಲಿ ಇಳಿದು ಬರಬೇಡಿ. ಹೊರೆ ಹೊತ್ತೇ ಇಳಿಯಿರಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆಯುತ್ತಲೇ ಹಿಗ್ಗಬೇಕಾಗುತ್ತದೆ, ಅಭ್ಯಾಸವಿಲ್ಲದವರ ಕಾಲು ಮರುದಿನ ನಡುಗುವುದು ಅದಕ್ಕೇ. ಬಾಟಲಿಯ ನೀರನ್ನು ಬೆಟ್ಟದ ತುದಿಯಲ್ಲಿ ಚೆಲ್ಲುವ ಜಾಣರೂ ಇದ್ದಾರೆ. ಅವರಿಗೆ ಥೊರಾಂಗ್ ಲಾದ ಆಚೆ ಬದಿಯೇ ಪಾಠ ಕಲಿಸುತ್ತದೆ.

ಬೂಟು ಹೊಸದಾಗಿದ್ದರೆ ಕನಿಷ್ಠ ನೂರು ಕಿಲೋಮೀಟರ್ ಹಾಕಿಕೊಂಡು ನಡೆದಿರಿ. ನಿಮ್ಮ ಅಳತೆಗಿಂತ ಅರ್ಧ ನಂಬರ್ ದೊಡ್ಡದನ್ನೇ ಕೊಳ್ಳಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದಿ ಹೆಬ್ಬೆರಳ ಉಗುರು ಕಪ್ಪಾಗುವುದು ಸಾಮಾನ್ಯ. ಪಾಸಿನ ಹಿಂದಿನ ದಿನ ಉಗುರು ಕತ್ತರಿಸಿಕೊಳ್ಳಿ. ಸಣ್ಣ ವಿಷಯವೆಂದು ನಗಬೇಡಿ.

2. ನಿಧಾನವಾಗಿ ಮೇಲೇರುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಈಗ ಮನಾಂಗ್‌ವರೆಗೂ ಜೀಪು ಹೋಗುತ್ತದೆ. ಮನಾಂಗ್ ಇರುವುದು ಸುಮಾರು 3,540 ಮೀಟರಿನಲ್ಲಿ. ರಜೆ ಕಡಿಮೆ ಇರುವವರು ಒಂದೆರಡು ದಿನಗಳಲ್ಲಿ ಜೀಪಿನಲ್ಲಿ ಮನಾಂಗ್ ತಲುಪಿ, ಮೂರನೆಯ ದಿನ ಮೇಲಕ್ಕೆ ಹೊರಟುಬಿಡುತ್ತಾರೆ. ಪಾಸಿನ ಬುಡದಲ್ಲಿ ವಾಂತಿ ಮಾಡಿಕೊಂಡು ಮಲಗಿರುವವರನ್ನು ‘ಎಲ್ಲಿಂದ ನಡೆದಿರಿ?’ ಎಂದು ಕೇಳಿ ನೋಡಿ. ನನಗೆ ಸಿಕ್ಕ ಉತ್ತರ ಬಹುಪಾಲು ಇದೇ. ಜೀಪು ಹತ್ತಲೇಬೇಕಿದ್ದರೆ ಚಾಮೆಯಲ್ಲಿ ಇಳಿಯಿರಿ, ಅದು 2,700 ಮೀಟರಿನ ಆಸುಪಾಸು. ಅಲ್ಲಿಂದ ಪಿಸಾಂಗ್, ಮನಾಂಗ್, ಯಾಕ್ ಖರ್ಕಾ, ಫೇದಿ ಎಂದು ನಡೆಯಿರಿ.

ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ಕಳೆಯಬೇಕು. ದೇಹ ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಳ್ಳುವ ಈ ಪ್ರಕ್ರಿಯೆಯನ್ನು ಚಾರಣಿಗರು ‘ಒಗ್ಗಿಕೊಳ್ಳುವುದು’ ಎನ್ನುತ್ತಾರೆ. ಎರಡು ರಾತ್ರಿ ತಂಗಲು ಮನಾಂಗ್ ತಕ್ಕ ಜಾಗ. ವಿಶ್ರಾಂತಿಯ ದಿನವೆಂದು ಹಾಸಿಗೆಯಲ್ಲೇ ಬಿದ್ದಿರಬೇಡಿ. ಗಂಗಾಪೂರ್ಣ ಹಿಮನದಿಯ ಎದುರಿನ ದಿಣ್ಣೆ ಹತ್ತಿ, ಅಥವಾ ಶಕ್ತಿಯಿದ್ದರೆ 4,600 ಮೀಟರಿನ ಐಸ್ ಲೇಕ್ ಕಡೆಗೆ ಅರ್ಧ ದಾರಿ ನಡೆದು, ಸಂಜೆಗೆ ಇಳಿದು ಬನ್ನಿ. ಮೇಲೆ ಹತ್ತಿ ಕೆಳಗೆ ಮಲಗಿದರೆ ದೇಹ ಬೇಗ ಒಗ್ಗಿಕೊಳ್ಳುತ್ತದೆ. ಚಾರಣದ ಋತುವಿನ ತಿಂಗಳುಗಳಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಅಲ್ಲಿ ಚಿಕಿತ್ಸಾ ಕೇಂದ್ರ ನಡೆಸುತ್ತದೆ, ಮಧ್ಯಾಹ್ನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಮಾತನಾಡುತ್ತಾರೆ. ತಪ್ಪಿಸಬೇಡಿ. ಪ್ರಶ್ನೆ ಕೇಳಲು ಸಂಕೋಚವೂ ಬೇಡ.

ಈಗ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಎ.ಎಂ.ಎಸ್.: ಎತ್ತರದ ಕಾಯಿಲೆಯ ಸೌಮ್ಯ ರೂಪ. ತಲೆನೋವು, ಜತೆಗೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇವುಗಳಲ್ಲಿ ಒಂದಾದರೂ ಇರುವುದು. ಬಂದರೆ ಮೇಲೆ ಹೋಗಬೇಡಿ. ಅಲ್ಲೇ ಉಳಿದು, ಹೆಚ್ಚಾದರೆ ಇಳಿಯಿರಿ.

ಹೇಸ್: ಮಿದುಳು ಊದಿಕೊಳ್ಳುವುದು. ಕುಡಿದವರಂತೆ ತೂರಾಡುತ್ತಾರೆ, ಮಾತು ತಡವರಿಸುತ್ತದೆ. ನೆಲದ ಮೇಲೆ ಗೆರೆ ಎಳೆದು, ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ನಡೆಯಲಾಗದಿದ್ದರೆ ರಾತ್ರಿಯಾದರೂ ಸರಿ, ಆ ಕ್ಷಣವೇ ಕೆಳಗಿಳಿಸಬೇಕು.

ಹೇಪ್: ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು. ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ಕೊನೆಗೆ ನಸುಗೆಂಪು ನೊರೆ. ಇದಕ್ಕೂ ಅದೇ ಮದ್ದು, ಇಳಿಯುವುದು. ತಡ ಮಾಡಿದರೆ ಎರಡೂ ಜೀವ ತೆಗೆಯುತ್ತವೆ.

ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳಲು ನೆರವಾಗುತ್ತದೆ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಡುತ್ತಾರೆ. ನಮ್ಮಲ್ಲಿ 250ರ ಮಾತ್ರೆ ಸಿಗುವುದರಿಂದ ಅರ್ಧ ಮಾಡಬೇಕಾಗುತ್ತದೆ. ಊರಿನಲ್ಲೇ ನಿಮ್ಮ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ, ಸಲ್ಫಾ ಔಷಧಗಳ ಅಲರ್ಜಿ ಇದ್ದವರು ಅದನ್ನು ಅವರಿಗೆ ಮೊದಲೇ ಹೇಳಬೇಕು. ಬೆರಳುಗಳು ಜುಮ್ಮೆನ್ನುತ್ತವೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಿಸುತ್ತದೆ, ಗಾಬರಿ ಬೇಡ. ಆದರೆ ಅದು ವೇಗವಾಗಿ ಹತ್ತಲು ಕೊಟ್ಟ ಪರವಾನಗಿಯಲ್ಲ. ನಿದ್ರೆಮಾತ್ರೆ ಮತ್ತು ಮದ್ಯ, ಎರಡೂ ಬೇಡ. ಎತ್ತರದಲ್ಲಿ ಮಲಗಿದಾಗ ಉಸಿರು ಕೆಲವು ಕ್ಷಣ ನಿಂತಂತಾಗಿ, ದಡಬಡಿಸಿ ಎಚ್ಚರವಾಗುವುದುಂಟು. ಅದು ಅಲ್ಲಿ ಸಾಮಾನ್ಯ. ಪಕ್ಕದ ಹಾಸಿಗೆಯವರನ್ನು ಎಬ್ಬಿಸಬೇಡಿ.

3. ಫೇದಿಯ ಮಧ್ಯಾಹ್ನ

ಫೇದಿಗೆ ಬರುವ ಮೊದಲು ಒಂದು ಕಡೆ ಗುಡ್ಡ ಜರಿಯುವ ಜಾಗವಿದೆ. ಮೇಲೆ ಮೇಯುವ ನೀಲಿ ಕುರಿಗಳ ಕಾಲಿಗೆ ಸಿಕ್ಕಿಯೂ ಕಲ್ಲು ಉರುಳುತ್ತದೆ. ಗಾಳಿ ಏಳುವ ಮೊದಲು, ಬೆಳಗಿನಲ್ಲೇ ದಾಟಿ. ಅಲ್ಲಿ ನಿಂತು ಫೋಟೊ ತೆಗೆಯಬೇಡಿ.

ಫೇದಿಯಲ್ಲಿ ಮಲಗುವುದೋ, ಹೈ ಕ್ಯಾಂಪಿನಲ್ಲೋ? ಹೈ ಕ್ಯಾಂಪಿನಲ್ಲಿ ಮಲಗಿದರೆ ಮರುದಿನದ ಏರಿನಲ್ಲಿ ಒಂದೂವರೆ ಗಂಟೆ ಉಳಿಯುತ್ತದೆ, ನಿಜ. ಆದರೆ 4,900 ಮೀಟರಿನಲ್ಲಿ ಹೆಚ್ಚಿನವರಿಗೆ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ಫೇದಿಯಲ್ಲೇ ಮಲಗಿ ಎಂದು ನಾನು ಹೇಳುತ್ತೇನೆ. ಮಧ್ಯಾಹ್ನ ಚೀಲವನ್ನು ಕೋಣೆಯಲ್ಲಿಟ್ಟು, ನೀರಿನ ಬಾಟಲಿ ಮಾತ್ರ ಹಿಡಿದು ಹೈ ಕ್ಯಾಂಪ್‌ವರೆಗೆ ಹತ್ತಿ ಇಳಿಯಿರಿ. ಒಗ್ಗಿಕೊಂಡಂತೆಯೂ ಆಯಿತು, ನಸುಕಿನ ಕತ್ತಲಲ್ಲಿ ಹತ್ತಬೇಕಾದ ಅಂಕುಡೊಂಕು ದಾರಿಯನ್ನು ಬೆಳಕಿನಲ್ಲಿ ನೋಡಿದಂತೆಯೂ ಆಯಿತು.

ಸಂಜೆ ಮಾರ್ಗದರ್ಶಿಯೊಡನೆ ಹವಾಮಾನದ ಮಾತು ಆಡಿ. ಇಲ್ಲಿ ನಮ್ಮವರಿಗೆ ಒಂದು ವಿಶೇಷ ಸೂಚನೆ. ಅಕ್ಟೋಬರ್–ನವೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷವೇ ಎರಡು ದಿನಗಳ ನಂತರ ಈ ಪಾಸಿನ ಮೇಲೆ ಹಿಮವಾಗಿ ಸುರಿಯಿತು. ಆ ಹಿಮಪಾತದಲ್ಲಿ, ಅದು ತಂದ ಹಿಮಕುಸಿತಗಳಲ್ಲಿ ಮನಾಂಗ್ ಮತ್ತು ಮುಸ್ತಾಂಗ್ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಅನೇಕರು ಪಾಸ್ ದಾಟಿ ಇಳಿಯುತ್ತಿದ್ದವರು. ಆಂಧ್ರ, ಒಡಿಶಾ ಕರಾವಳಿಗೆ ಚಂಡಮಾರುತದ ಎಚ್ಚರಿಕೆ ಇದೆಯೆಂದು ಸುದ್ದಿ ಬಂದರೆ ಅದು ದೂರದ ಮಾತೆಂದು ಬಿಡಬೇಡಿ. ಮನಾಂಗ್‌ನಲ್ಲೇ ನಿಂತುಬಿಡಿ.

4. ರಾತ್ರಿಯೇ ಚೀಲ ಕಟ್ಟುವುದು

ಬೆಳಗಿನ ನಾಲ್ಕು ಗಂಟೆಗೆ ಮರಗಟ್ಟಿದ ಬೆರಳುಗಳಲ್ಲಿ ಚೀಲ ಕಟ್ಟಲು ಹೋದರೆ ಅರ್ಧ ಗಂಟೆಯೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ. ಊಟವಾದ ಕೂಡಲೇ ಕಟ್ಟಿಡಿ. ಒಟ್ಟು ಭಾರ ಎಂಟು ಕಿಲೋ ಒಳ್ಳೆಯದು, ಹತ್ತು ಮೀರಬಾರದು. ಮೀರಿದರೆ ಹಮಾಲಿಯನ್ನು ಗೊತ್ತುಮಾಡಿ, ಅದರಲ್ಲಿ ಅವಮಾನವೇನೂ ಇಲ್ಲ.

ತುಂಬುವ ಕ್ರಮ: ತಳದಲ್ಲಿ ಹಗಲು ಬೇಡದ ಮಲಗುವ ಚೀಲ. ಅದರ ಮೇಲೆ, ಬೆನ್ನಿಗೆ ಒತ್ತಿಕೊಂಡಂತೆ, ಭಾರದ ಸಾಮಾನು. ಹೊರಬದಿಗೆ ಹಗುರ ಬಟ್ಟೆಗಳು. ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಜಾಕೆಟ್ಟು ಮತ್ತು ದಪ್ಪ ಕೈಗವಸು. ಭಾರ ಭುಜದ ಮೇಲೆ ಕೂರಬಾರದು, ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಬಿಗಿದು, ಆಮೇಲೆ ಭುಜದ ಪಟ್ಟಿಗಳನ್ನು ಎಳೆಯಿರಿ.

ಚೀಲದ, ಜಾಕೆಟ್ಟಿನ ಪ್ರತಿ ಜಿಪ್ಪಿಗೂ ಒಂದು ಗೇಣು ದಾರವನ್ನು ಕುಣಿಕೆಯಾಗಿ ಕಟ್ಟಿ. ಕೈಗವಸು ಹಾಕಿಕೊಂಡೇ ಎಳೆಯಬಹುದು. ಕೈಗವಸು ಬಿಚ್ಚಿ ಜಿಪ್ಪು ಎಳೆದು ಮತ್ತೆ ಹಾಕಿಕೊಳ್ಳುವ ಎರಡು ನಿಮಿಷದಲ್ಲಿ ಬೆರಳಿನ ತುದಿ ಸತ್ತುಹೋದಂತಾಗುತ್ತದೆ, ಮತ್ತೆ ಜೀವ ಬರಲು ಅರ್ಧ ಗಂಟೆ ಬೇಕು.

ನೀರಿನ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಚೀಲದೊಳಗಿನ ರಬ್ಬರ್ ನೀರಚೀಲ, ಅದರಿಂದ ಬಾಯಿಗೆ ಬರುವ ಕೊಳವೆ, ಇವು ನಮ್ಮ ಘಟ್ಟಗಳಲ್ಲಿ ಬಲು ಅನುಕೂಲ. ಅಲ್ಲಿ ಹೊರಟ ಇಪ್ಪತ್ತು ನಿಮಿಷಕ್ಕೆ ಕೊಳವೆಯೊಳಗಿನ ನೀರು ಗಾಜಿನ ಕಡ್ಡಿಯಂತೆ ಗಟ್ಟಿಯಾಯಿತು. ಎರಡು ಲೀಟರ್ ನೀರನ್ನು ಬೆನ್ನ ಮೇಲೆ ಹೊತ್ತು ಬಾಯಾರಿ ನಡೆದೆ. ಅಗಲ ಬಾಯಿಯ ಗಟ್ಟಿ ಬಾಟಲಿ ತೆಗೆದುಕೊಂಡು ಹೋಗಿ. ರಾತ್ರಿ ಅದಕ್ಕೆ ಬಿಸಿನೀರು ತುಂಬಿಸಿ, ಕಾಲುಚೀಲದೊಳಗೆ ಹಾಕಿ, ಮಲಗುವ ಚೀಲದಲ್ಲಿ ಕಾಲ ಬಳಿ ಇಟ್ಟುಕೊಳ್ಳಿ. ಬೆಳಗ್ಗೆ ಅದೇ ಕುಡಿಯುವ ನೀರು. ನಡೆಯುವಾಗ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲ್ಭಾಗದಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಾಗಿದ್ದರೆ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಮುಚ್ಚಳ ಸೋರುವುದಿಲ್ಲವೆಂದು ಮೊದಲೇ ನೋಡಿಕೊಳ್ಳಿ.

ಮೊಬೈಲ್, ಹಣೆಗೆ ಕಟ್ಟುವ ಟಾರ್ಚಿನ ಬ್ಯಾಟರಿ ಕೂಡ ನಿಮ್ಮ ಜತೆಗೇ ಮಲಗಲಿ, ಚಳಿಗೆ ಅವು ಬರಿದಾಗುತ್ತವೆ. ಕೈಗಡಿಯಾರ ಇನ್ನೂ ನಮ್ಮೂರಿನ ಸಮಯದಲ್ಲಿದ್ದರೆ ತಿದ್ದಿಕೊಳ್ಳಿ. ನೇಪಾಳ ನಮಗಿಂತ ಕಾಲು ಗಂಟೆ ಮುಂದಿದೆ, ನಾಲ್ಕಕ್ಕೆ ಹೊರಡೋಣ ಎಂದರೆ ಅದು ಅಲ್ಲಿನ ನಾಲ್ಕು.

ತಿನ್ನಲು ಏನು ಒಯ್ಯಬೇಕೆಂಬುದು ಇನ್ನೊಂದು ಮಾಮೂಲಿ ಪ್ರಶ್ನೆ. ಚಾಕೊಲೇಟು ಚಳಿಗೆ ಕಲ್ಲಾಗುತ್ತದೆ, ಶೇಂಗಾ ಚಿಕ್ಕಿ ಹಲ್ಲು ಮುರಿಯುತ್ತದೆ. ಸಣ್ಣಗೆ ಕುಟ್ಟಿದ ಕೊಬ್ಬರಿ ಬೆಲ್ಲ, ಒಣದ್ರಾಕ್ಷಿ, ಹುರಿಗಡಲೆ, ಗೋಡಂಬಿ ಇವನ್ನು ಬೆರೆಸಿ ಜಾಕೆಟ್ಟಿನ ಎರಡು ಜೇಬುಗಳಿಗೆ ತುಂಬಿ. ನಿಂತು ಚೀಲ ಬಿಚ್ಚಿ ತಿನ್ನುತ್ತೇನೆ ಎಂದುಕೊಂಡವರು ತಿನ್ನುವುದೇ ಇಲ್ಲ. ಚಟ್ನಿಪುಡಿ ಒಂದು ಪೊಟ್ಟಣ ಇರಲಿ. ಎತ್ತರದಲ್ಲಿ ನಾಲಿಗೆ ಸಪ್ಪಗಾಗಿ ದಾಲ್‌ಭಾತ್ ಒಳಗಿಳಿಯದಿದ್ದಾಗ ಅದೇ ಗತಿ.

5. ನಸುಕಿನ ಏರು

ಫೇದಿಯಿಂದಾದರೆ ನಾಲ್ಕು ಗಂಟೆಗೆ, ಹೈ ಕ್ಯಾಂಪಿನಿಂದಾದರೆ ಐದರ ಹೊತ್ತಿಗೆ ಹೊರಡಿ. ಹೊತ್ತೇರಿದ ಮೇಲೆ ಪಾಸಿನಲ್ಲಿ ಗಾಳಿ ಜೋರಾಗುತ್ತದೆ, ಆದ್ದರಿಂದ ಒಂಬತ್ತು ಹತ್ತರೊಳಗೆ ತುದಿ ತಲುಪುವುದು ಗುರಿ. ಎರಡು ಗಂಟೆಗೇ ಎದ್ದು ಹೊರಡುವವರೂ ಇದ್ದಾರೆ. ಅದು ಅತಿಯಾಯಿತು, ಅತ್ಯಂತ ಚಳಿಯ ಹೊತ್ತನ್ನು ಬಯಲಿನಲ್ಲಿ ಕಳೆದಂತೆ.

ಬಟ್ಟೆ ಪದರ ಪದರವಾಗಿರಲಿ: ಮೈಗೆ ತಾಗುವುದು ಉಣ್ಣೆಯದೋ ಪಾಲಿಯೆಸ್ಟರಿನದೋ, ಅದರ ಮೇಲೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಕೃತಕ ಬಟ್ಟೆಯದು, ಹೊರಗೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿ ಮೈಗಂಟಿ ಕೂರುತ್ತದೆ. ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಹಾಕಿಕೊಳ್ಳಿ. ದಪ್ಪ ಡೌನ್ ಜಾಕೆಟ್ಟು, ಅಂದರೆ ಒಳಗೆ ಬಾತುಕೋಳಿಯ ಪುಕ್ಕ ತುಂಬಿದ್ದು, ನಿಂತಾಗ ಹಾಕಿಕೊಳ್ಳಲು.

ಇನ್ನು ನಡಿಗೆ. ಹಿಂದಿನ ಕಾಲನ್ನು ಮಂಡಿಯಲ್ಲಿ ನೆಟ್ಟಗೆ ಮಾಡಿ, ಅರೆಕ್ಷಣ ಇಡೀ ಭಾರವನ್ನು ಆ ಮೂಳೆಯ ಮೇಲೆ ನಿಲ್ಲಿಸಿ, ಉಸಿರೆಳೆದು, ಮುಂದಿನ ಹೆಜ್ಜೆ ಇಡಿ. ಸ್ನಾಯುವಿಗೆ ಪ್ರತಿ ಹೆಜ್ಜೆಯಲ್ಲೂ ಒಂದು ಚಿಟಿಕೆ ವಿಶ್ರಾಂತಿ ಸಿಗುತ್ತದೆ. ಒಂದು ಹೆಜ್ಜೆಗೆ ಒಂದು ಉಸಿರು, ಕಡಿದಾದಲ್ಲಿ ಎರಡು. ನಾಲ್ಕು ಮಾತಿನ ವಾಕ್ಯವನ್ನು ಏದದೆ ಆಡಲು ಬರುತ್ತಿದ್ದರೆ ವೇಗ ಸರಿಯಾಗಿದೆ. ನಮ್ಮವರ ಅಭ್ಯಾಸ ಬೇರೆ: ಇಪ್ಪತ್ತು ಹೆಜ್ಜೆ ದಡದಡ ಹತ್ತಿ, ಕಲ್ಲಿನ ಮೇಲೆ ಕುಸಿದು ಕೂತು, ಮತ್ತೆ ದಡದಡ. ಹೀಗೆ ಹೋದವರನ್ನು ಪಾಸಿಗೆ ಮುಂಚೆಯೇ ಆಮೆಯ ನಡಿಗೆಯವರು ದಾಟಿ ಹೋಗುತ್ತಾರೆ.

ಹೈ ಕ್ಯಾಂಪ್ ದಾಟಿದ ಮೇಲೆ ದಾರಿ ಇಳಿಜಾರಿನ ಪಕ್ಕೆಯಲ್ಲಿ ಅಡ್ಡಡ್ಡ ಸಾಗುತ್ತದೆ. ಹಿಮ ಬಿದ್ದು ಗಟ್ಟಿಯಾಗಿದ್ದರೆ ಆ ದಿನದ ಅತ್ಯಂತ ಜಾರುವ ಜಾಗ ಇದೇ. ಬೂಟಿಗೆ ತೊಡಿಸುವ ಹಲ್ಲುಸರಪಳಿಯನ್ನು, ಅಂಗಡಿಯವರ ಮಾತಿನಲ್ಲಿ ಮೈಕ್ರೋಸ್ಪೈಕ್, ಜಾರಿದ ಮೇಲಲ್ಲ, ಮೊದಲೇ ತೊಡಿ. ಸ್ವಲ್ಪ ಮುಂದೆ ಒಂದು ಚಹಾ ಗುಡಿಸಲು ಸಿಗುತ್ತದೆ. ಹತ್ತೇ ನಿಮಿಷ ಕೂತು ಬಿಸಿಯಾಗಿ ಏನಾದರೂ ಕುಡಿಯಿರಿ.

ಅಲ್ಲಿಂದಾಚೆ ದಿಬ್ಬಗಳ ಆಟ. ಮುಂದೆ ಕಾಣುವ ದಿಬ್ಬವೇ ಪಾಸ್ ಎಂದುಕೊಂಡು ಹತ್ತಿದರೆ ಅದರಾಚೆ ಅಂಥದ್ದೇ ಇನ್ನೊಂದು. ಮತ್ತೊಂದು. ಎಣಿಸಬೇಡಿ. ಬಣ್ಣದ ಪ್ರಾರ್ಥನಾ ಪತಾಕೆಗಳ ರಾಶಿ ಕಾಣುವವರೆಗೆ ಯಾವುದೂ ಪಾಸ್ ಅಲ್ಲ.

ಕುದುರೆಯ ಬಗ್ಗೆ ಒಂದು ಮಾತು. ಕೆಳಗಿನಿಂದ ಪಾಸ್‌ವರೆಗೆ ಕುದುರೆ ಬಾಡಿಗೆಗೆ ಸಿಗುತ್ತದೆ. ಕಾಲು ನೋವೆಂದು ಹತ್ತಿದರೆ ನನ್ನ ತಕರಾರಿಲ್ಲ. ತಲೆನೋವು, ವಾಂತಿ ಎಂದು ಹತ್ತಿದರೆ ಅದು ಅಪಾಯ. ಕಾಯಿಲೆಯವರನ್ನು ಇನ್ನಷ್ಟು ಎತ್ತರಕ್ಕೆ, ಇನ್ನಷ್ಟು ಬೇಗ ಒಯ್ದಂತಾಗುತ್ತದೆ.

ಹಿಂತಿರುಗುವ ಗಂಟೆಯನ್ನು ರಾತ್ರಿಯೇ ಗೊತ್ತುಮಾಡಿ, ಗುಂಪಿನ ಎಲ್ಲರ ಎದುರು ಹೇಳಿ. ನಾನು ಇಟ್ಟುಕೊಳ್ಳುವುದು ಹನ್ನೊಂದು. ಅಷ್ಟರೊಳಗೆ ಪಾಸ್ ಬರದಿದ್ದರೆ, ಎಷ್ಟೇ ಹತ್ತಿರವಿದ್ದರೂ, ಫೇದಿಗೆ ವಾಪಸು. ಆ ಹೊತ್ತಿನಲ್ಲಿ, ಆ ಎತ್ತರದಲ್ಲಿ ಬುದ್ಧಿ ಮಂಕಾಗಿರುತ್ತದೆ. ಹೊಸದಾಗಿ ಯೋಚಿಸುವ ಕೆಲಸವನ್ನು ಅದಕ್ಕೆ ಬಿಡಬಾರದು.

6. ಪಾಸಿನ ಮೇಲೆ

ಹದಿನೈದು ನಿಮಿಷ. ಫಲಕದ ಎದುರು ಫೋಟೊ, ಚಹಾ ಅಂಗಡಿ ತೆರೆದಿದ್ದರೆ ಒಂದು ಚಹಾ. ನೀರು ಅಲ್ಲಿ 83 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ನಮ್ಮ ಖಡಕ್ ಚಹಾದ ರುಚಿ ನಿರೀಕ್ಷಿಸಬೇಡಿ. ಕಪ್ಪು ಕನ್ನಡಕವನ್ನು ಫೋಟೊಗಾಗಿಯೂ ಬಹಳ ಹೊತ್ತು ತೆಗೆಯಬೇಡಿ. ಹಿಮದ ಮೇಲಿನ ಬಿಸಿಲು ಕಣ್ಣಿನ ಹೊರಪದರವನ್ನು ಸುಡುತ್ತದೆ, ಆಗ ಏನೂ ತಿಳಿಯುವುದಿಲ್ಲ, ಸಂಜೆ ಕಣ್ಣಿಗೆ ಮರಳು ತುಂಬಿದಂತೆ ಉರಿ ಶುರುವಾಗುತ್ತದೆ.

7. ಇಳಿಜಾರು

ಈ ದಿನ ಕಾಲು ಮುರಿದುಕೊಳ್ಳುವವರು ಇಲ್ಲೇ ಮುರಿದುಕೊಳ್ಳುವುದು. ಪಾಸ್ ಬಂತಲ್ಲ ಎಂದು ಮನಸ್ಸು ಕೆಲಸ ಮುಗಿಸಿ ಕೂತಿರುತ್ತದೆ, ಕಾಲು ಸೋತಿರುತ್ತದೆ, ಬೆಳಗಿನ ಹಿಮ ಕರಗಿ ಕೆಸರಾಗಿರುತ್ತದೆ.

ಹೊರಡುವ ಮೊದಲು ಬೂಟಿನ ಲೇಸು ಬಿಚ್ಚಿ ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲಿನ ಬಳಿ ಬಿಗಿಯಾಗಿ ಮತ್ತೆ ಕಟ್ಟಿ. ಊರುಗೋಲುಗಳು ಎರಡಿರಲಿ, ಏರುವಾಗ ಇದ್ದುದಕ್ಕಿಂತ ನಾಲ್ಕು ಬೆರಳು ಉದ್ದ ಮಾಡಿಕೊಳ್ಳಿ. ಮೊದಲು ಕೋಲು ಕೆಳಗೆ ಊರಿ, ಆಮೇಲೆ ಕಾಲು. ಮಂಡಿ ಸ್ವಲ್ಪ ಮಡಿಚಿಯೇ ಇರಲಿ, ಹೆಜ್ಜೆ ಚಿಕ್ಕದಿರಲಿ. ಉರುಳುಗಲ್ಲಿನ ಕಡೆ ದಾರಿ ಅಡ್ಡಡ್ಡ ಹಾವಿನಂತೆ ಹೋಗುತ್ತದೆ, ನೇರವಾಗಿ ಕೆಳಗೆ ಕಾಣುವ ಅಡ್ಡದಾರಿಗಳಿಗೆ ಮರುಳಾಗಬೇಡಿ. ಅರ್ಧ ಗಂಟೆಗೊಮ್ಮೆ ನಿಂತು ಎರಡು ಗುಟುಕು ನೀರು, ಒಂದು ಹಿಡಿ ಬೆಲ್ಲ ಕೊಬ್ಬರಿ.

ಕಾಲಿನಲ್ಲಿ ಎಲ್ಲಾದರೂ ಬಿಸಿ ಎನಿಸಿದರೆ ಆಗಲೇ ನಿಲ್ಲಿ. ಅದು ಬೊಬ್ಬೆ ಏಳುವ ಮುನ್ಸೂಚನೆ. ಬೂಟು ಕಳಚಿ, ಚರ್ಮ ಒರೆಸಿ, ಅಂಟುಪಟ್ಟಿ ಹಾಕಲು ಐದು ನಿಮಿಷ ಸಾಕು. ಊರು ತಲುಪಿದ ಮೇಲೆ ನೋಡೋಣ ಎಂದರೆ ಮುಂದಿನ ನಾಲ್ಕು ದಿನ ಚಪ್ಪಲಿಯಲ್ಲಿ ನಡೆಯುತ್ತೀರಿ.

ಸುಮಾರು 4,200 ಮೀಟರಿನಲ್ಲಿ ಚಾರಬು ಎಂಬಲ್ಲಿ ಊಟ ಸಿಗುವ ಕೆಲವು ಮನೆಗಳಿವೆ. ಅಲ್ಲಿ ಸರಿಯಾಗಿ ಊಟ ಮಾಡಿ. ಒಣ ಬೆಟ್ಟಗಳ ನಡುವೆ ಎದುರಿಗೆ ಧೌಲಗಿರಿ ಕಾಣುತ್ತದೆ. ಮುಂದಿನ ದಾರಿ ಸಲೀಸು, ಒಂದೂವರೆ ಗಂಟೆಯಲ್ಲಿ ಮುಕ್ತಿನಾಥದ ಮರಗಳ ಗುಂಪು ಎದುರಾಗುತ್ತದೆ.

8. ಮುಕ್ತಿನಾಥದ ಸಂಜೆ

ದೇವಸ್ಥಾನ ದಾರಿಯಲ್ಲೇ ಸಿಗುತ್ತದೆ. ಗುಡಿಯ ಹಿಂಬದಿಯಲ್ಲಿ ಅರ್ಧವೃತ್ತದಲ್ಲಿ 108 ಗೋಮುಖಗಳಿಂದ ನೀರು ಬೀಳುತ್ತಿರುತ್ತದೆ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಇದೂ ಒಂದು, ಬೌದ್ಧರಿಗೂ ಪುಣ್ಯಸ್ಥಳ. ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಬರುವ ಅನಿಲದ ಸಣ್ಣ ನೀಲಿ ಉರಿಯನ್ನು ನೋಡಲು ಬೌದ್ಧ ಸನ್ಯಾಸಿನಿಯರು ದಾರಿ ತೋರಿಸುತ್ತಾರೆ.

ನೂರೆಂಟು ಧಾರೆಗಳ ಕೆಳಗೆ ಓಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆ ದಿನ ಬೇಡ. ಹತ್ತು ಗಂಟೆ ನಡೆದು ಬೆವರಿ, ಒಳಗಿನ ಶಕ್ತಿಯೆಲ್ಲ ಸುಟ್ಟುಹೋಗಿರುವ ಮೈಗೆ ಹಿಮ ಕರಗಿದ ನೀರು ಬಿದ್ದರೆ, ಸಂಜೆಯ ಗಾಳಿಗೆ ನಡುಕ ನಿಲ್ಲುವುದೇ ಇಲ್ಲ. ತಲೆಯ ಮೇಲೆ ನಾಲ್ಕು ಹನಿ ಪ್ರೋಕ್ಷಿಸಿಕೊಂಡು ದರ್ಶನ ಮಾಡಿ. ಸ್ನಾನ ಮರುದಿನ, ಬಿಸಿಲು ಏರಿದ ಮೇಲೆ, ಒಣ ಬಟ್ಟೆ ಕೈಯಲ್ಲಿ ಹಿಡಿದು ನಿಂತ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು.

ದೇವಸ್ಥಾನದಿಂದ ರಾಣಿಪೌವಾಕ್ಕೆ ಇನ್ನೂ ಇಳಿದು ನಡೆಯಬೇಕು. ತಲುಪಿದ ಕೂಡಲೇ ಮಲಗಬೇಡಿ. ಒದ್ದೆ ಬಟ್ಟೆ ಬದಲಿಸಿ, ಓಆರ್‌ಎಸ್ ಬೆರೆಸಿದ ಒಂದು ಲೀಟರ್ ನೀರನ್ನು ನಿಧಾನವಾಗಿ ಕುಡಿದು, ಊಟ ಮುಗಿಸಿ ಮಲಗಿ. ಮಂಡಿ ಊದಿದ್ದರೆ ದಿಂಬಿನ ಮೇಲೆ ಕಾಲೆತ್ತಿ ಇಡಿ.

ಕೆಳಗಿನ ಕಣಿವೆಯಲ್ಲಿರುವ ಜೊಮ್ಸೊಮ್ ಪಟ್ಟಣದಿಂದ ಪೋಖರಾಕ್ಕೆ ವಿಮಾನಗಳು ಬೆಳಗಿನ ಹೊತ್ತಿನಲ್ಲೇ ಹಾರುತ್ತವೆ, ಹೊತ್ತೇರಿದರೆ ಕಾಳಿ ಗಂಡಕಿಯ ಕಣಿವೆಯಲ್ಲಿ ಗಾಳಿ ಬಿಡುವುದಿಲ್ಲ. ಆದ್ದರಿಂದ ಪಾಸ್ ದಾಟಿದ ಮರುದಿನ ಬೆಳಗಿನ ಟಿಕೆಟ್ ತೆಗೆಸಬೇಡಿ. ಒಂದು ದಿನ ಬಿಟ್ಟು ತೆಗೆಸಿ. ಆ ಬಿಡುವಿನ ದಿನ ಜೀಪಿನಲ್ಲಿ ಕಾಗ್ಬೇನಿಗೆ ಇಳಿದು, ಮಧ್ಯಾಹ್ನದ ಗಾಳಿ ಏಳುವ ಮೊದಲು ಗಂಡಕಿಯ ದಂಡೆಗೆ ಹೋಗಿ ಬರಬಹುದು.